ಎಷ್ಟು ಜನ ಅನ್ನೋದು ಆಮೇಲೆ, ಮೊದಲು ಯಾರು ಅಂತ ತೀರ್ಮಾನ ಮಾಡಿ

ಪ್ರಶ್ನೆ: ಸಮಾಜಶಾಸ್ತ್ರದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದೇನೆ. ಬೆಂಗಳೂರು ಮತ್ತು ಸುತ್ತಮುತ್ತಲ ಗಾರ್ಮೆಂಟ್ಸ್‌ಗಳಲ್ಲಿ ಮದುವೆಯಾದ ಮೇಲೂ ಕೆಲಸ ಮುಂದುವರಿಸುವ ಹೆಣ್ಣುಮಕ್ಕಳಿಗೆ ತಮ್ಮ ಸಂಬಳದ ಮೇಲೆ ಎಷ್ಟು ಹಿಡಿತ ಇರುತ್ತದೆ, ಅದನ್ನು ಹೇಗೆ ಉಳಿಸಿಕೊಳ್ಳುತ್ತಾರೆ ಅನ್ನೋದು ನನ್ನ ವಿಷಯ. ಸುಮಾರು 25 ಜನರನ್ನು ವಿವರವಾಗಿ ಮಾತಾಡಿಸಬೇಕು ಅಂತಿದ್ದೇನೆ. ವಿಭಾಗದ ಸಭೆಯಲ್ಲಿ ಒಬ್ಬರು, "25 ಜನರನ್ನು ಕೇಳಿ ಲಕ್ಷಾಂತರ ಜನರ ಬಗ್ಗೆ ಹೇಗೆ ಬರೀತೀರಿ? ಫಾರ್ಮುಲಾ ಹಾಕಿ 384 ಮಾಡಿ" ಅಂದರು. ಇನ್ನೊಬ್ಬರು, "ಸ್ನೋಬಾಲ್ ಸ್ಯಾಂಪ್ಲಿಂಗ್ (ಒಬ್ಬರ ಮೂಲಕ ಇನ್ನೊಬ್ಬರನ್ನು ಹುಡುಕುವುದು) ಅಂತ ಬರೆದುಬಿಡಿ, ಯಾರೂ ಕೇಳಲ್ಲ" ಅಂದರು. ಯಾರ ಮಾತು ಕೇಳಲಿ? ಒಬ್ಬೊಬ್ಬರನ್ನೇ ಮಾತಾಡಿಸುವ ಬದಲು ಗುಂಪು ಚರ್ಚೆ ಮಾಡಿದರೆ ಬೇಗ ಮುಗಿಯುತ್ತದಾ?

ಉತ್ತರ:

ಇಬ್ಬರ ಮಾತನ್ನೂ ಪಕ್ಕಕ್ಕಿಡಿ. ಮೊದಲನೆಯವರು ನೀವು ಕೇಳದೇ ಇರುವ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟಿದ್ದಾರೆ. ಎರಡನೆಯವರು ನಿಮ್ಮ ಪ್ರಶ್ನೆಗೇ ಸೋಮಾರಿ ಉತ್ತರ ಕೊಟ್ಟಿದ್ದಾರೆ.

ಈ 384 ಎಲ್ಲಿಂದ ಬಂತು ಅನ್ನೋದನ್ನು ತಿಳಿದುಕೊಂಡರೆ ಅರ್ಧ ಹೆದರಿಕೆ ಹೋಗುತ್ತದೆ. 1970ರಲ್ಲಿ ಕ್ರೆಜ್ಸಿ ಮತ್ತು ಮಾರ್ಗನ್ ಅನ್ನುವ ಇಬ್ಬರು ಒಂದು ಕೋಷ್ಟಕ ಪ್ರಕಟಿಸಿದರು. ಒಟ್ಟು ಜನ ಇಷ್ಟಿದ್ದರೆ ಸ್ಯಾಂಪಲ್ ಇಷ್ಟಿರಲಿ ಅನ್ನುವ ಪಟ್ಟಿ ಅದು. ಒಟ್ಟು ಸಂಖ್ಯೆ ಎಷ್ಟೇ ದೊಡ್ಡದಾದರೂ ಆ ಪಟ್ಟಿ 384ರ ಹತ್ತಿರ ಬಂದು ನಿಂತುಬಿಡುತ್ತದೆ. ನಮ್ಮ ಥೀಸಿಸ್‌ಗಳಲ್ಲಿ ಪದೇ ಪದೇ ಬರುವ ಯಮಾನೆ ಫಾರ್ಮುಲಾ ಕೂಡ ಅದೇ ಜಾತಿಯದು, ಅದು 400ರ ಹತ್ತಿರ ನಿಲ್ಲುತ್ತದೆ. ಇವೆರಡೂ ಇರುವುದು ಒಂದೇ ಕೆಲಸಕ್ಕೆ. ನೂರಕ್ಕೆ ಎಷ್ಟು ಅನ್ನುವ ಲೆಕ್ಕವನ್ನು, ಆಚೀಚೆ 5ರ ವ್ಯತ್ಯಾಸದೊಳಗೆ, ನೂರಕ್ಕೆ 95 ಸಲ ಸರಿ ಬರುವ ಹಾಗೆ ಹೇಳುವುದಕ್ಕೆ.

ಅಂದರೆ "ಗಾರ್ಮೆಂಟ್ಸ್‌ನ ವಿವಾಹಿತ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಎಷ್ಟು ಜನರ ಎಟಿಎಂ ಕಾರ್ಡ್ ಗಂಡನ ಹತ್ತಿರ ಇದೆ?" ಅನ್ನೋದು 384ರ ಪ್ರಶ್ನೆ. "ಕಾರ್ಡ್ ಗಂಡನ ಜೇಬಲ್ಲಿದ್ದರೂ ಈಕೆ ಪ್ರತಿ ತಿಂಗಳು ಚೀಟಿ ಹೇಗೆ ಕಟ್ಟುತ್ತಾಳೆ? ಓಟಿ ದುಡ್ಡಿನ ಬಗ್ಗೆ ಮನೆಯಲ್ಲಿ ಏನು ಹೇಳುತ್ತಾಳೆ, ಏನು ಹೇಳಲ್ಲ?" ಅನ್ನೋದು ನಿಮ್ಮ ಪ್ರಶ್ನೆ. ಮೊದಲನೆಯದಕ್ಕೆ ಒಬ್ಬೊಬ್ಬರ ಹತ್ತಿರ ಎರಡು ನಿಮಿಷ ಸಾಕು. ಎರಡನೆಯದಕ್ಕೆ ಒಂದೂವರೆ ಗಂಟೆ ಬೇಕು, ಅದೂ ಮೊದಲನೇ ಭೇಟಿಯಲ್ಲೇ ಸಿಗುತ್ತದೆ ಅನ್ನುವ ಖಾತ್ರಿ ಇಲ್ಲ.

ಇನ್ನೊಂದು ವಿಷಯ ಯಾರೂ ಹೇಳಲ್ಲ. ಆ 384ಕ್ಕೆ ಬೆಲೆ ಬರುವುದು ಜನರನ್ನು ಲಾಟರಿ ಎತ್ತಿದ ಹಾಗೆ ಆರಿಸಿದಾಗ ಮಾತ್ರ. ಅದಕ್ಕೆ ಎಲ್ಲ ಕಾರ್ಮಿಕರ ಪಟ್ಟಿ ಕೈಯಲ್ಲಿರಬೇಕು. ಯಾವ ಫ್ಯಾಕ್ಟರಿಯ ಎಚ್‌ಆರ್ ನಿಮಗೆ ಹಾಜರಿ ಪುಸ್ತಕ ಕೊಡುತ್ತಾರೆ ಹೇಳಿ! ಹಾಗಾಗಿ ನಡೆಯುವುದು ಏನು? ಪೀಣ್ಯದ ಬಸ್‌ಸ್ಟಾಪಲ್ಲಿ ಸಂಜೆ ನಿಂತು, ಸಿಕ್ಕಿದವರ ಕೈಗೆ ಫಾರಂ ಕೊಟ್ಟು, 384 ತುಂಬಿಸಿ, ಕೊನೆಗೆ ಎಸ್‌ಪಿಎಸ್‌ಎಸ್ ಅನ್ನುವ ಅಂಕಿಅಂಶದ ಸಾಫ್ಟ್‌ವೇರ್‌ನಲ್ಲಿ ಕೈ-ವರ್ಗ (chi-square) ಪರೀಕ್ಷೆ ಹಾಕಿ ಬೈಂಡ್ ಮಾಡಿಸುವುದು. ಅದು ಸಂಖ್ಯೆಯ ಅಧ್ಯಯನವಾಗಿಯೂ ನಿಲ್ಲಲ್ಲ, ಆಳದ ಅಧ್ಯಯನವಾಗಿಯೂ ನಿಲ್ಲಲ್ಲ. ಇಂಥ ಥೀಸಿಸ್‌ಗಳು ಎಷ್ಟು ಪಾಸಾಗಿವೆ ಅನ್ನೋದು ಬೇರೆ ಮಾತು ಬಿಡಿ.

ಅನ್ನ ಬೆಂದಿದೆಯಾ ಅಂತ ನೋಡಲು ಒಂದಗುಳು ಹಿಸುಕಿದರೆ ಸಾಕು ಅಂತಾರಲ್ಲ, ಅದು ಸರಿಯೇ, ಪಾತ್ರೆಯಲ್ಲಿ ಇರುವುದೆಲ್ಲ ಒಂದೇ ಅಕ್ಕಿಯಾಗಿದ್ದರೆ. ನಿಮ್ಮ ವಿಷಯದಲ್ಲಿ ಪಾತ್ರೆಯೊಳಗೆ ಏನೇನಿದೆ ಅನ್ನೋದೇ ಇನ್ನೂ ಗೊತ್ತಿಲ್ಲ. ಅದನ್ನು ಪತ್ತೆ ಮಾಡುವುದಕ್ಕೇ ನೀವು ಹೊರಟಿರುವುದು. ಆದ್ದರಿಂದ ನಿಮ್ಮ ಆಯ್ಕೆ ಲಾಟರಿಯಲ್ಲ, ಬೇಕಂತಲೇ ಮಾಡುವ ಆಯ್ಕೆ. ಇದಕ್ಕೆ ಉದ್ದೇಶಪೂರ್ವಕ ಸ್ಯಾಂಪ್ಲಿಂಗ್ ಅನ್ನುತ್ತಾರೆ. ಹೆಸರು ಗಂಭೀರವಾಗಿದೆ, ಕೆಲಸ ಸರಳ. ಪ್ರತಿಯೊಬ್ಬರ ಮುಂದೆಯೂ "ಇವರನ್ನೇ ಯಾಕೆ?" ಅನ್ನುವ ಪ್ರಶ್ನೆಗೆ ನಿಮ್ಮ ಹತ್ತಿರ ಒಂದು ವಾಕ್ಯದ ಉತ್ತರ ಇರಬೇಕು.

ಇದಕ್ಕೆ ನನಗೆ ತುಂಬ ಇಷ್ಟವಾದ ಉದಾಹರಣೆ ಮಂಡ್ಯದ್ದು. 1954ರಲ್ಲಿ ಸ್ಕಾರ್ಲೆಟ್ ಎಪ್‌ಸ್ಟೀನ್ ಅನ್ನುವ ಸಂಶೋಧಕಿ ಇಂಗ್ಲೆಂಡಿನಿಂದ ಬಂದು ಮಂಡ್ಯದ ಹತ್ತಿರ ಎರಡು ಹಳ್ಳಿಗಳಲ್ಲಿ ಕೆಲಸ ಮಾಡಿದರು. ಪುಸ್ತಕದಲ್ಲಿ ಅವಕ್ಕೆ ಇಟ್ಟ ಹೆಸರು ವಂಗಲ ಮತ್ತು ದಲೇನ. ಎರಡೂ ಒಂದೇ ಸೀಮೆಯವು, ಎರಡರಲ್ಲೂ ಒಕ್ಕಲಿಗರೇ ಜಾಸ್ತಿ. ವ್ಯತ್ಯಾಸ ಒಂದೇ. ವಂಗಲಕ್ಕೆ ನಾಲೆ ನೀರು ಬಂತು, ಕಬ್ಬು ಬಂತು. ದಲೇನದ ಜಮೀನು ಎತ್ತರದಲ್ಲಿದ್ದುದರಿಂದ ನೀರು ಹತ್ತಲಿಲ್ಲ, ಅದು ಒಣಭೂಮಿಯಾಗೇ ಉಳಿಯಿತು. ಯಾರಾದರೂ ಏನು ಊಹಿಸುತ್ತಾರೆ? ನೀರು ಬಂದ ಊರು ಜಾಸ್ತಿ ಬದಲಾಗಿರುತ್ತದೆ ಅಂತ ಅಲ್ವಾ? ಆಕೆಗೆ ಕಂಡಿದ್ದು ಉಲ್ಟಾ. ವಂಗಲದವರು ಶ್ರೀಮಂತರಾದರು, ಆದರೆ ವ್ಯವಸಾಯದ ಬದುಕು, ಹಳೇ ಯಜಮಾನಿಕೆ, ಹಳೇ ಸಂಬಂಧಗಳು ಇನ್ನೂ ಗಟ್ಟಿಯಾದವು. ದಲೇನದವರು ಮಂಡ್ಯ ಪೇಟೆಯಲ್ಲಿ ಕೆಲಸ ಹಿಡಿದರು, ವ್ಯಾಪಾರಕ್ಕೆ ಕೈ ಹಾಕಿದರು, ಬೇರೆ ಕಡೆ ಜಮೀನು ತೆಗೆದುಕೊಂಡರು. ಸಾಮಾಜಿಕವಾಗಿ ಜಾಸ್ತಿ ಅಲುಗಾಡಿದ್ದು ಒಣ ಊರೇ.

ಎರಡೇ ಎರಡು ಹಳ್ಳಿ. ಹಾಗಿದ್ದರೂ ಅದನ್ನು ಇವತ್ತಿಗೂ ಓದುತ್ತಾರೆ, ಯಾಕೆಂದರೆ ಆ ಎರಡನ್ನು ಪಕ್ಕಪಕ್ಕ ಇಟ್ಟರೆ ಒಂದು ವಾದ ಹುಟ್ಟುತ್ತದೆ. "ನೀರಾವರಿ ಬಂದ ಎಲ್ಲ ಹಳ್ಳಿಯೂ ಹೀಗೇ" ಅಂತ ಆಕೆ ಹೇಳಬೇಕಾಗಿರಲಿಲ್ಲ. ಹಣ ಬಂದ ತಕ್ಷಣ ಸಮಾಜ ಬದಲಾಗುತ್ತದೆ ಅನ್ನುವ ಸುಲಭದ ನಂಬಿಕೆ ಎಲ್ಲಿ, ಯಾಕೆ ಮುರಿಯುತ್ತದೆ ಅಂತ ತೋರಿಸಿದರೆ ಸಾಕಿತ್ತು. ಲಕ್ಷಾಂತರ ಜನರ ಬಗ್ಗೆ ಹೇಗೆ ಬರೀತೀರಿ ಅಂತ ಕೇಳಿದವರಿಗೆ ನಿಮ್ಮ ಉತ್ತರವೂ ಇದೇ ದಾರಿಯಲ್ಲಿರಬೇಕು. ಎಷ್ಟು ಜನ ಹೀಗಿದ್ದಾರೆ ಅಂತ ನಾನು ಹೇಳುತ್ತಿಲ್ಲ, ಹೀಗಾಗುವುದು ಹೇಗೆ ಅಂತ ಹೇಳುತ್ತಿದ್ದೇನೆ, ಅಷ್ಟೆ.

ಈಗ ನಿಮ್ಮ ವಿಷಯಕ್ಕೆ ಬರೋಣ. ನಾಲೆ ನೀರಿನ ಹಾಗೆ ನಿಮ್ಮ ಹೆಣ್ಣುಮಕ್ಕಳ ನಡುವೆ ಸಂಬಳದ ಹಿಡಿತವನ್ನು ಬದಲಾಯಿಸಬಹುದಾದ ಗೆರೆ ಯಾವುದು? ವಯಸ್ಸು, ಜಾತಿ, ವಿದ್ಯಾಭ್ಯಾಸ ಅಂತ ಮಾಮೂಲಿ ಪಟ್ಟಿ ಬರೆಯಬೇಡಿ. ಜಾತಿ ಮುಖ್ಯವೇ, ಆದರೆ ಯಾಕೆ ಮುಖ್ಯ ಅಂತ ಹೇಳಿ ಸೇರಿಸಿ. ನನಗೆ ತೋಚುವ ಗೆರೆಗಳು ಇವು. ಬೆಂಗಳೂರಲ್ಲಿ ಬಾಡಿಗೆ ಮನೆ ಮಾಡಿಕೊಂಡು ಗಂಡನ ಜೊತೆ ಇರುವವರು ಒಂದು ಕಡೆ, ರಾಮನಗರ, ಮದ್ದೂರು ಕಡೆಯ ಹಳ್ಳಿಯಿಂದ ದಿನಾ ವ್ಯಾನಲ್ಲಿ ಬಂದು ಹೋಗಿ ಅತ್ತೆ ಮಾವನ ಮನೆಯಲ್ಲಿ ಇರುವವರು ಇನ್ನೊಂದು ಕಡೆ. ಗಂಡ ದುಡಿಯುವವರು, ದುಡಿಯದವರು, ಬಿಟ್ಟುಹೋದವರು. ಮಗುವನ್ನು ತಾಯಿಮನೆಯಲ್ಲಿ ಬಿಟ್ಟವರು, ಫ್ಯಾಕ್ಟರಿಯ ಕ್ರೆಶ್‌ನಲ್ಲಿ ಬಿಟ್ಟವರು. ಹೆಲ್ಪರ್, ಟೈಲರ್, ಸೂಪರ್‌ವೈಸರ್. ಸಂಘದ ಸಾಲ ಇರುವವರು, ಇಲ್ಲದವರು. ಈ ಸಾಲದ ಗೆರೆ ಸಣ್ಣದಲ್ಲ, ಕಂತು ಕಟ್ಟುವವರ ಹೆಸರಲ್ಲಿ ಸಾಲ ಇರುತ್ತದೆ, ದುಡ್ಡು ಬಳಸಿದವರು ಬೇರೆಯವರಿರುತ್ತಾರೆ, ಹಾಗಾದಾಗ ಸಂಬಳ ಯಾರದ್ದು ಅನ್ನುವ ಪ್ರಶ್ನೆಯೇ ಬೇರೆ ಬಣ್ಣಕ್ಕೆ ತಿರುಗುತ್ತದೆ.

ಎಲ್ಲ ಖಾನೆಗೂ ಜನರನ್ನು ತುಂಬಿಸಲು ಹೋಗಬೇಡಿ, ಹುಚ್ಚು ಹಿಡಿಯುತ್ತದೆ. ಎರಡು ಅಥವಾ ಮೂರು ಗೆರೆ ಆರಿಸಿ, ಅವುಗಳ ಎರಡೂ ಬದಿಯಲ್ಲಿ ಸಾಕಷ್ಟು ಜನ ಇರುವ ಹಾಗೆ ನೋಡಿಕೊಳ್ಳಿ. ಉಳಿದದ್ದು ದಾರಿಯಲ್ಲಿ ತಾನಾಗಿ ಬರುತ್ತದೆ. ಒಡಿಶಾ, ಜಾರ್ಖಂಡ್ ಕಡೆಯಿಂದ ಬಂದು ಹಾಸ್ಟೆಲ್‌ನಲ್ಲಿರುವ ಹುಡುಗಿಯರನ್ನು ಏನು ಮಾಡಲಿ ಅಂತ ಮುಂದೆ ನೀವೇ ಕೇಳುತ್ತೀರಿ. ಅವರಲ್ಲಿ ಜಾಸ್ತಿ ಜನ ಮದುವೆಯಾಗದವರು, ಅವರ ಭಾಷೆ ನಿಮಗೆ ಬರಲ್ಲ. ಬಿಡಿ. ಆದರೆ ಬಿಟ್ಟಿದ್ದೇನೆ ಅಂತ ಬರೆಯಿರಿ.

ಒಂದು ಗುಂಪನ್ನು ಮಾತ್ರ ಬಿಡಬೇಡಿ. ಕೆಲಸ ಬಿಟ್ಟವರು. ನಿಮ್ಮ ವಿಷಯ "ಮುಂದುವರಿಸುವವರು" ಅಂತಿದೆ, ಹಾಗಾಗಿ ಫ್ಯಾಕ್ಟರಿ ಗೇಟಿನ ಹತ್ತಿರ ಸಿಗುವವರನ್ನೇ ಮಾತಾಡಿಸುತ್ತೀರಿ. ಅವರೆಲ್ಲ ಹೇಗೋ ತೂಗಿಸಿಕೊಂಡು ಹೋಗುತ್ತಿರುವವರು. ತೂಗಿಸಲಾಗದೆ ಬಿಟ್ಟವರು ಮನೆಯಲ್ಲಿದ್ದಾರೆ, ಅಥವಾ ಮನೆಗೆಲಸಕ್ಕೆ ಹೋಗುತ್ತಿದ್ದಾರೆ, ಅಥವಾ ಊರಿಗೆ ವಾಪಸ್ ಹೋಗಿದ್ದಾರೆ. ಅಂಥ ನಾಲ್ಕೈದು ಜನರನ್ನು ಹುಡುಕಿ ಮಾತಾಡಿಸಿ. ಯಾಕೆ ಮುಂದುವರಿಸುತ್ತಾರೆ ಅನ್ನೋದಕ್ಕೆ ಅರ್ಧ ಉತ್ತರ ನಿಲ್ಲಿಸಿದವರ ಹತ್ತಿರ ಇರುತ್ತದೆ. ಹಾಗೇ, ಮಾತುಕತೆ ಸಾಗಿದ ಹಾಗೆ ನಿಮ್ಮ ತಲೆಯಲ್ಲಿ ಒಂದು ವಾದ ಕಟ್ಟಿಕೊಳ್ಳುತ್ತದಲ್ಲ, ಉದಾಹರಣೆಗೆ "ಅತ್ತೆಮನೆಯಲ್ಲಿದ್ದರೆ ಹಿಡಿತ ಕಡಿಮೆ" ಅಂತ, ಆಗ ಅದನ್ನು ಸುಳ್ಳು ಮಾಡುವವರನ್ನು ಬೇಕಂತಲೇ ಹುಡುಕಿಕೊಂಡು ಹೋಗಿ. ಅತ್ತೆಯ ಬೆಂಬಲದಿಂದಲೇ ಗಂಡನಿಗೆ ಕಾರ್ಡ್ ಕೊಡದೆ ಉಳಿಸಿಕೊಂಡವಳೊಬ್ಬಳು ಸಿಕ್ಕರೆ, ನಿಮ್ಮ ಅಧ್ಯಾಯ ಚೆನ್ನಾಗಾಗುವುದು ಅಲ್ಲಿಂದಲೇ.

ಇನ್ನು ಜನರ ಹತ್ತಿರ ಹೋಗುವ ದಾರಿ. ಇದನ್ನು ಸ್ಯಾಂಪ್ಲಿಂಗ್ ಅಂತ ಯಾರೂ ಕರೆಯಲ್ಲ, ಆದರೆ ನಿಜವಾದ ಆಯ್ಕೆ ಆಗುವುದು ಇಲ್ಲೇ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಉಳಿದು ಅಧ್ಯಯನ ಮಾಡಿದರು. ಬರಹದಲ್ಲಿ ಅದಕ್ಕೆ ರಾಂಪುರ ಅಂತ ಹೆಸರಿಟ್ಟರು. ಅವರು ಇದ್ದದ್ದು ಊರಿನ ಯಜಮಾನರಿಗೆ ಸೇರಿದ ಜಾಗದಲ್ಲಿ. ಆ ಯಜಮಾನರ ಬೆಂಬಲ ಇಲ್ಲದಿದ್ದರೆ ಆ ಕೆಲಸವೇ ಆಗುತ್ತಿರಲಿಲ್ಲ. ಆದರೆ ಅದೇ ಕಾರಣಕ್ಕೆ, ಜೊತೆಗೆ ತಾವು ಬ್ರಾಹ್ಮಣರಾಗಿದ್ದ ಕಾರಣಕ್ಕೆ, ದಲಿತರ ಕೇರಿಯ ಬದುಕು ತಮಗೆ ಅಷ್ಟಾಗಿ ತೆರೆದುಕೊಳ್ಳಲಿಲ್ಲ ಅಂತ ಅವರೇ ಮುಂದೆ ಬರೆದರು. ಮೊದಲು ಯಾರ ಮನೆ ಜಗಲಿಯಲ್ಲಿ ಕೂತಿರಿ ಅನ್ನೋದು ಆಮೇಲೆ ಯಾರು ನಿಮ್ಮ ಜೊತೆ ಮಾತಾಡುತ್ತಾರೆ ಅನ್ನೋದನ್ನು ತೀರ್ಮಾನಿಸುತ್ತದೆ.

ನಿಮಗೆ ಸಿಗುವ ಬಾಗಿಲುಗಳು ಯಾವುವು? ಫ್ಯಾಕ್ಟರಿ ಮ್ಯಾನೇಜ್‌ಮೆಂಟ್ ಮೂಲಕ ಹೋದರೆ ಅವರು ಒಳ್ಳೇ ಕೆಲಸಗಾರರನ್ನು ಕರೆದು ಕ್ಯಾಬಿನ್ನಲ್ಲಿ ಕೂರಿಸುತ್ತಾರೆ, ನೀವು ಕಂಪನಿ ಕಡೆಯವರು ಅಂತಲೇ ಆ ಹೆಣ್ಣುಮಕ್ಕಳು ತಿಳಿಯುತ್ತಾರೆ. ನಿಮ್ಮ ವಿಷಯಕ್ಕೆ ಆ ಬಾಗಿಲು ಬೇಡವೇ ಬೇಡ. ಯೂನಿಯನ್ ಮೂಲಕ ಹೋದರೆ ಮಾತಾಡಬಲ್ಲ, ಹಕ್ಕುಗಳ ಬಗ್ಗೆ ಗೊತ್ತಿರುವ ಹೆಣ್ಣುಮಕ್ಕಳು ಸಿಗುತ್ತಾರೆ. ಒಳ್ಳೇದೇ. ಆದರೆ 2016ರ ಏಪ್ರಿಲ್ ನೆನಪಿದೆಯಾ? ಪಿಎಫ್ ಹಣ ಪೂರ್ತಿ ತೆಗೆಯಲು 58 ವರ್ಷದವರೆಗೆ ಕಾಯಬೇಕು ಅನ್ನುವ ನಿಯಮದ ವಿರುದ್ಧ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆ, ತುಮಕೂರು ರಸ್ತೆಗೆ ಇಳಿದರು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಆ ನಿಯಮ ವಾಪಸ್ ತೆಗೆದುಕೊಂಡಿತು. ಯೂನಿಯನ್‌ಗಳು ಕರೆ ಕೊಟ್ಟು ಎಬ್ಬಿಸಿದ ಪ್ರತಿಭಟನೆ ಅದಾಗಿರಲಿಲ್ಲ. ಯೂನಿಯನ್ನಿನ ಲೆಕ್ಕಕ್ಕೆ ಸಿಗದ ದೊಡ್ಡ ಲೋಕವೊಂದು ಫ್ಯಾಕ್ಟರಿಯ ಆ ಹೊಲಿಗೆ ಲೈನುಗಳಲ್ಲಿ ಇದೆ ಅಂತ ಅವತ್ತು ಎಲ್ಲರಿಗೂ ಗೊತ್ತಾಯಿತು. ಅಂದಹಾಗೆ ಅದು ಸಂಬಳದ ಹಿಡಿತದ್ದೇ ಜಗಳ. ಪಿಎಫ್ ಅನ್ನೋದು ಇವರಲ್ಲಿ ಅನೇಕರಿಗೆ ಮುಪ್ಪಿನ ಹಣ ಅಲ್ಲ, ಕೆಲಸ ಬಿಟ್ಟಾಗ ಒಟ್ಟಿಗೆ ಕೈಗೆ ಬರುವ ಒಂದೇ ಮೊತ್ತ. ಈ ಬಗ್ಗೆ ಖಂಡಿತ ಕೇಳಿ.

ಆದ್ದರಿಂದ ಒಂದೇ ಬಾಗಿಲು ಬೇಡ, ಮೂರ್ನಾಲ್ಕು ಇರಲಿ. ಯೂನಿಯನ್ ಒಂದು. ವಠಾರದ ಓನರ್ ಆಂಟಿಯೋ, ಅಂಗನವಾಡಿ ಟೀಚರೋ ಇನ್ನೊಂದು. ಹಳ್ಳಿಯ ವ್ಯಾನ್ ಡ್ರೈವರ್, ಚೀಟಿ ನಡೆಸುವ ಅಕ್ಕ, ನಿಮ್ಮದೇ ಊರಿನ ನೆಂಟರ ಪೈಕಿ ಯಾರೋ ಒಬ್ಬರು.

ಸ್ನೋಬಾಲ್ ಬರುವುದು ಈಗ. ಒಬ್ಬರು ಇನ್ನೊಬ್ಬರನ್ನು ತೋರಿಸುತ್ತಾರೆ, ಅವರು ಮತ್ತೊಬ್ಬರನ್ನು. ಇದರಲ್ಲಿ ತಪ್ಪೇನಿಲ್ಲ, ಗಾರ್ಮೆಂಟ್ಸ್ ಹೆಣ್ಣುಮಕ್ಕಳನ್ನು ಬೇರೆ ಹೇಗೂ ಹುಡುಕಲಾಗಲ್ಲ. ಮಜಾ ಏನೆಂದರೆ 1961ರಲ್ಲಿ ಲಿಯೋ ಗುಡ್‌ಮನ್ ಈ ಪದ್ಧತಿಯ ಬಗ್ಗೆ ಬರೆದಾಗ ಅದು ಪಕ್ಕಾ ಲೆಕ್ಕದ್ದಾಗಿತ್ತು. ಮೊದಲ ಸುತ್ತಿನವರನ್ನು ಲಾಟರಿಯಂತೆ ಆರಿಸಬೇಕು, ಪ್ರತಿಯೊಬ್ಬರೂ ಇಷ್ಟೇ ಹೆಸರು ಹೇಳಬೇಕು, ಇಷ್ಟೇ ಸುತ್ತು ಅಂತೆಲ್ಲ. ನಾವೀಗ ಸ್ನೋಬಾಲ್ ಅಂತ ಬರೆಯುವುದು ಬಹುಪಾಲು "ಪರಿಚಯದವರ ಪರಿಚಯದವರನ್ನು ಕೇಳಿದೆ" ಅನ್ನೋದಕ್ಕೆ. ಇದರ ತೊಂದರೆ ನಿಮಗೂ ಹೊಳೆದಿರುತ್ತದೆ. ಗೆಳತಿ ತೋರಿಸುವುದು ತನ್ನಂಥ ಗೆಳತಿಯನ್ನೇ. ಒಂದೇ ಲೈನು, ಒಂದೇ ಊರು, ಒಂದೇ ಜಾತಿ, ಒಂದೇ ಚರ್ಚು ಅಥವಾ ಒಂದೇ ಸಂಘ. ಹತ್ತನೆಯವರ ಹೊತ್ತಿಗೆ ಎಲ್ಲರೂ ಒಂದೇ ಕಥೆ ಹೇಳುತ್ತಾರೆ, ನೀವು "ಹೊಸದೇನೂ ಬರುತ್ತಿಲ್ಲ, ಮುಗಿಯಿತು" ಅಂದುಕೊಳ್ಳುತ್ತೀರಿ. ಮುಗಿದಿರುವುದು ಆ ಒಂದು ಗುಂಪು ಮಾತ್ರ.

1997ರಲ್ಲಿ ಡಗ್ಲಸ್ ಹೆಕತಾರ್ನ್ ಅನ್ನುವವರು ಇದಕ್ಕೊಂದು ಉಪಾಯ ಮಾಡಿದರು. ಪ್ರತಿಯೊಬ್ಬರ ಕೈಗೂ ಲೆಕ್ಕದ ಕೂಪನ್ ಕೊಟ್ಟು, ಅಷ್ಟೇ ಜನರನ್ನು ಕರೆತರುವಂತೆ ಮಿತಿ ಹಾಕುವುದು. ಆ ಪೂರ್ತಿ ವಿಧಾನ ನಿಮಗೆ ಬೇಕಾಗಿಲ್ಲ, ಅದು ಅಂಕಿಸಂಖ್ಯೆಯ ಕೆಲಸಕ್ಕೆ ಮಾಡಿದ್ದು. ಆದರೆ ಮಿತಿ ಹಾಕುವ ಬುದ್ಧಿಯನ್ನು ಸಾಲ ಪಡೆಯಿರಿ. ಒಬ್ಬರಿಂದ ಇಬ್ಬರಿಗಿಂತ ಜಾಸ್ತಿ ಬೇಡ. ಕೇಳುವಾಗಲೂ "ನಿಮ್ಮ ಫ್ರೆಂಡ್ ಯಾರಾದರೂ ಇದ್ದಾರಾ" ಅಂತ ಕೇಳಬೇಡಿ. "ನಿಮ್ಮ ಹಾಗಲ್ಲ, ಸಂಬಳ ಪೂರ್ತಿ ಮನೆಗೆ ಕೊಟ್ಟುಬಿಡೋರು ಯಾರಾದರೂ ಗೊತ್ತಾ?" ಅಂತ ಕೇಳಿ. ಯಾರು ಯಾರನ್ನು ತೋರಿಸಿದರು ಅಂತ ಒಂದು ಹಾಳೆಯಲ್ಲಿ ಗೆರೆ ಎಳೆದು ಇಟ್ಟುಕೊಳ್ಳಿ. ಆ ಚಿತ್ರವನ್ನು, ಹೆಸರು ತೆಗೆದು, ಥೀಸಿಸ್‌ಗೆ ಹಾಕಿದರೆ "ಯಾರೂ ಕೇಳಲ್ಲ" ಅನ್ನುವ ಮಾತೇ ಬೇಕಾಗಲ್ಲ. ಕೇಳಿದರೂ ಉತ್ತರ ಇರುತ್ತದೆ.

ಸರಿ, 25 ಸಾಕಾ? 1967ರಲ್ಲಿ ಗ್ಲೇಸರ್ ಮತ್ತು ಸ್ಟ್ರಾಸ್ ಅನ್ನುವ ಇಬ್ಬರು ಸಮಾಜಶಾಸ್ತ್ರಜ್ಞರು ಒಂದು ಮಾತು ಹೇಳಿದರು. ಹೊಸ ಮಾಹಿತಿ ನಿಮ್ಮ ವಿಚಾರಕ್ಕೆ ಹೊಸದೇನನ್ನೂ ಸೇರಿಸದೆ ಹೋದಾಗ ನಿಲ್ಲಿಸಿ ಅಂತ. ಇದನ್ನೇ ಸ್ಯಾಚುರೇಶನ್ ಅನ್ನೋದು. ಅದು ಎಷ್ಟನೆಯವರಿಗೆ ಬರುತ್ತದೆ ಅಂತ ಅವರು ಹೇಳಲಿಲ್ಲ. 2006ರಲ್ಲಿ ಗೆಸ್ಟ್ ಮತ್ತು ಸಂಗಡಿಗರು ಘಾನಾ ಮತ್ತು ನೈಜೀರಿಯಾದ 60 ಹೆಂಗಸರ ಸಂದರ್ಶನಗಳನ್ನು ಆರಾರರಂತೆ ಬಿಡಿಸಿ ನೋಡಿದರು. ಮೊದಲ 12ರೊಳಗೇ ಬಹುಪಾಲು ವಿಷಯಗಳು ಬಂದುಬಿಟ್ಟಿದ್ದವು. ಅವತ್ತಿನಿಂದ ಎಲ್ಲರಿಗೂ 12 ಮಂತ್ರವಾಗಿದೆ. ಆದರೆ ಅಲ್ಲಿದ್ದವರು ಬಹುಮಟ್ಟಿಗೆ ಒಂದೇ ಥರದವರು, ಎಲ್ಲರಿಗೂ ಕೇಳಿದ್ದು ಅವೇ ಪ್ರಶ್ನೆಗಳು. ನಿಮ್ಮದು ಹಾಗಲ್ಲ. 2017ರಲ್ಲಿ ಹೆನ್ನಿಂಕ್ ಮತ್ತು ಸಂಗಡಿಗರು 25 ಸಂದರ್ಶನಗಳನ್ನು ಪರೀಕ್ಷಿಸಿ ಇನ್ನೂ ಉಪಯೋಗದ ಮಾತು ಹೇಳಿದರು. ಯಾವ್ಯಾವ ವಿಷಯ ಇದೆ ಅನ್ನೋದು 9ನೆಯವರ ಹೊತ್ತಿಗೆ ಗೊತ್ತಾಗಿತ್ತು, ಆದರೆ ಆ ವಿಷಯಗಳನ್ನು ಪೂರ್ತಿ ಅರ್ಥ ಮಾಡಿಕೊಳ್ಳಲು 16ರಿಂದ 24 ಜನ ಬೇಕಾದರು. "ಗಂಡ ಕಾರ್ಡ್ ಇಟ್ಟುಕೊಳ್ಳುತ್ತಾನೆ" ಅನ್ನೋದು ನಿಮಗೆ ಮೂರನೇ ಮಾತುಕತೆಯಲ್ಲೇ ಸಿಗುತ್ತದೆ. ಅದು ಕೆಲವರಿಗೆ ಅವಮಾನ, ಕೆಲವರಿಗೆ ನೆಮ್ಮದಿ, ಕೆಲವರಿಗೆ ಅತ್ತಿಗೆ ನಾದಿನಿಯರು ಕೈಸಾಲ ಕೇಳಿದಾಗ ತಪ್ಪಿಸಿಕೊಳ್ಳುವ ನೆಪ ಅನ್ನೋದು ಗೊತ್ತಾಗಲು ಇಪ್ಪತ್ತು ಜನ ಬೇಕು.

ನನ್ನ ಅಂದಾಜು ಕೇಳಿದರೆ, ಎರಡು ಮೂರು ಗೆರೆ ಇಟ್ಟುಕೊಂಡ ನಿಮ್ಮಂಥ ಅಧ್ಯಯನಕ್ಕೆ 25ರಿಂದ 35. ಸಿನಾಪ್ಸಿಸ್‌ನಲ್ಲಿ, ಅಂದರೆ ಮೊದಲು ಕೊಡುವ ಸಂಶೋಧನಾ ಯೋಜನೆಯ ಸಾರದಲ್ಲಿ, "ಸುಮಾರು 30" ಅಂತ ಬರೆಯಿರಿ. ಆದರೆ ಸ್ಯಾಚುರೇಶನ್ ಆಯಿತು ಅಂತ ಸುಮ್ನೆ ಒಂದು ಸಾಲು ಬರೆದರೆ ಯಾರೂ ನಂಬಬೇಕಾಗಿಲ್ಲ. ಅದಕ್ಕೆ ಒಂದು ಶಿಸ್ತು ಬೇಕು. ನಾಲ್ಕೈದು ಜನರನ್ನು ಮಾತಾಡಿಸಿ, ನಿಲ್ಲಿಸಿ. ಅಷ್ಟನ್ನೂ ಬರಹಕ್ಕಿಳಿಸಿ, ಓದಿ, ಹೊಸದಾಗಿ ಏನು ಬಂತು ಅಂತ ಪಟ್ಟಿ ಮಾಡಿ. ಅದನ್ನು ನೋಡಿ ಮುಂದಿನ ನಾಲ್ಕೈದು ಜನ ಯಾರು ಅಂತ ತೀರ್ಮಾನಿಸಿ. ಎಲ್ಲ ಸಂದರ್ಶನ ಮೊದಲು ಮುಗಿಸಿ, ಆಮೇಲೆ ಬೇಸಿಗೆ ರಜೆಯಲ್ಲಿ ಕೂತು ಬರೆಯುತ್ತೇನೆ ಅನ್ನುವವರಿಗೆ ಸ್ಯಾಚುರೇಶನ್ ಅನ್ನುವ ಪದ ಬಳಸುವ ಹಕ್ಕೇ ಇಲ್ಲ ಅಂತ ನನ್ನ ಅಭಿಪ್ರಾಯ. ಮಧ್ಯೆ ನೋಡದೆ ಎಲ್ಲಿ ನಿಲ್ಲಬೇಕು ಅಂತ ಹೇಗೆ ಗೊತ್ತಾಯಿತು?

ಗುಂಪು ಚರ್ಚೆಗೆ ಬರೋಣ. ಬೇಗ ಮುಗಿಯಲ್ಲ. ಆರೆಂಟು ಹೆಣ್ಣುಮಕ್ಕಳನ್ನು ಒಂದೇ ಭಾನುವಾರ, ಒಂದೇ ಹೊತ್ತಿಗೆ ಸೇರಿಸುವುದು ಎಂಟು ಜನರನ್ನು ಬೇರೆ ಬೇರೆ ಮಾತಾಡಿಸುವುದಕ್ಕಿಂತ ಕಷ್ಟ. ವಾರದಲ್ಲಿ ಸಿಗುವ ಒಂದೇ ರಜೆ ಅದು, ಬಟ್ಟೆ ಒಗೆಯಬೇಕು, ಸಂತೆಗೆ ಹೋಗಬೇಕು, ಮಕ್ಕಳ ಹೋಮ್‌ವರ್ಕ್ ನೋಡಬೇಕು. ಸೇರಿದರೂ ಎಲ್ಲರ ಮುಂದೆ ಯಾರೂ "ನಮ್ಮೆಜಮಾನರು ದುಡ್ಡು ಕಿತ್ಕೋತಾರೆ" ಅನ್ನಲ್ಲ. ಗುಂಪಿನಲ್ಲಿ ಬರುವುದು ಹೀಗಿರಬೇಕು ಅನ್ನುವ ಮಾತು, ನನ್ನ ಮನೆಯಲ್ಲಿ ಹೀಗಿದೆ ಅನ್ನುವ ಮಾತಲ್ಲ. ಒಂದೇ ಲೈನಿನವರನ್ನು ಸೇರಿಸಿದರೆ ಅವರಲ್ಲೊಬ್ಬರು ಸೂಪರ್‌ವೈಸರ್‌ಗೆ ಹತ್ತಿರದವರಿರುತ್ತಾರೆ. ಬೇರೆ ಜಾತಿಯವರನ್ನು ಸೇರಿಸಿದರೆ ಯಾರು ಮೊದಲು ಮಾತಾಡುತ್ತಾರೆ, ಯಾರು ತಲೆಯಾಡಿಸುತ್ತಾರೆ ಅನ್ನೋದು ಕೂರುವ ಮೊದಲೇ ತೀರ್ಮಾನವಾಗಿರುತ್ತದೆ.

ಆದರೂ ಒಂದೆರಡು ಗುಂಪು ಚರ್ಚೆ ಮಾಡಿ, ಬೇರೆ ಕಾರಣಕ್ಕೆ. ಸಂಬಳದ ಬಗ್ಗೆ ಊರಿನ ನ್ಯಾಯ ಏನು, ಒಳ್ಳೇ ಸೊಸೆ ಅಂದರೆ ಸಂಬಳವನ್ನು ಏನು ಮಾಡುತ್ತಾಳೆ ಅಂತ ಜನ ವಾದ ಮಾಡುವುದನ್ನು ಕೇಳಲು ಇದಕ್ಕಿಂತ ಒಳ್ಳೇ ಜಾಗ ಇಲ್ಲ. ಮಾತು ಹೊರಡದಿದ್ದರೆ 1990ರ ದಶಕದಲ್ಲಿ ಮೈರಾಡದಂಥ ಸಂಸ್ಥೆಗಳು ನಮ್ಮ ಹಳ್ಳಿಗಳಲ್ಲಿ ತುಂಬ ಬಳಸಿದ ಒಂದು ಉಪಾಯ ಇದೆ. ಹಿಡಿ ಹುಣಸೆ ಬೀಜ ಕೊಡಿ. ಇದು ಒಂದು ತಿಂಗಳ ಸಂಬಳ ಅನ್ನಿ. ಬಾಡಿಗೆ, ರೇಷನ್, ಕಂತು, ಚೀಟಿ, ಸ್ಕೂಲ್ ಫೀಸು, ತವರಿಗೆ ಅಂತ ನೆಲದ ಮೇಲೆ ಹಂಚಲು ಹೇಳಿ. ಬೀಜ ಸರಿಸುತ್ತಾ ಜಗಳ ಶುರುವಾಗುತ್ತದೆ, ನೀವು ಸುಮ್ಮನೆ ಕೂತು ಕೇಳಿದರೆ ಸಾಕು.

ಒಬ್ಬೊಬ್ಬರನ್ನೇ ಮಾತಾಡಿಸುವಾಗ ಪ್ರಶ್ನೆ ಪಟ್ಟಿ ಉದ್ದ ಬೇಡ. ಎಂಟು ಹತ್ತು ವಿಷಯ, ಅಷ್ಟೆ. "ನಿಮ್ಮ ಸಂಬಳದ ಮೇಲೆ ನಿಮಗೆ ಸ್ವಾತಂತ್ರ್ಯವಿದೆಯೇ?" ಅಂತ ಕೇಳಿದರೆ "ಹ್ಞೂಂ ಮೇಡಂ, ಇದೆ" ಅಂತ ಬರುತ್ತದೆ, ಮುಗಿಯಿತು. ಅದರ ಬದಲು, "ಹೋದ ತಿಂಗಳು ಸಂಬಳ ಆಯ್ತಲ್ಲಕ್ಕಾ, ಮೆಸೇಜ್ ಯಾರ ಫೋನಿಗೆ ಬಂತು? ಆಮೇಲೆ ಏನೇನಾಯ್ತು?" ಅಂತ ಕೇಳಿ. ಹೋದ ತಿಂಗಳು, ಆ ದಿನ, ಆ ದುಡ್ಡು. ಅಲ್ಲಿಂದ ಮುಂದಕ್ಕೆ ಅವರೇ ಕರೆದುಕೊಂಡು ಹೋಗುತ್ತಾರೆ. "ನೀವು ಕೊನೇ ಸಲ ನಿಮಗೋಸ್ಕರ ಅಂತ ಏನು ತಗೊಂಡ್ರಿ?" ಅನ್ನೋದು ಕೂಡ ಒಳ್ಳೇ ಪ್ರಶ್ನೆ. ಸಂಬಳ ಆದ ವಾರ ಒಂದು ಸಲ, ತಿಂಗಳ ಕೊನೆಯ ವಾರ ಇನ್ನೊಂದು ಸಲ ಹೋದರೆ ಅದೇ ಮನುಷ್ಯರಿಂದ ಎರಡು ಬೇರೆ ಮಾತು ಬರುತ್ತದೆ. ಎರಡೂ ನಿಜವೇ.

ಜಾಗ ಮುಖ್ಯ. ವಠಾರದ ಒಂದೇ ಕೋಣೆಯ ಮನೆ, ಗಂಡ ಮಂಚದ ಮೇಲೆ ಮೊಬೈಲ್ ನೋಡುತ್ತಾ ಕೂತಿದ್ದಾನೆ. ಅಲ್ಲಿ ಸಂಬಳದ ಮಾತು ತೆಗೆಯಬೇಡಿ, ಊರಿನ ಸುದ್ದಿ ಮಾತಾಡಿ ಬನ್ನಿ. ನಲ್ಲಿ ಹತ್ತಿರ, ಮಹಡಿ ಮೇಲೆ ಬಟ್ಟೆ ಒಣಹಾಕುವಾಗ, ಮಗುವನ್ನು ಕರೆತರಲು ಹೋಗುವ ದಾರಿಯಲ್ಲಿ ಸಿಗುವ ಇಪ್ಪತ್ತು ನಿಮಿಷ ಕೂತು ಮಾತಾಡಿದ ಒಂದು ಗಂಟೆಗಿಂತ ಜಾಸ್ತಿ ಕೊಡಬಹುದು. ಅಲ್ಲಿ ರೆಕಾರ್ಡ್ ಮಾಡಲಾಗಲ್ಲ, ಅದಕ್ಕೇ ಅವತ್ತು ರಾತ್ರಿಯೇ ಬರೆದಿಡಿ. ಬೆಳಗ್ಗೆ ಬರೆಯುತ್ತೇನೆ ಅಂದರೆ ಅವರ ಮಾತು ಹೋಗಿ ನಿಮ್ಮ ಮಾತು ಉಳಿದಿರುತ್ತದೆ.

ಒಪ್ಪಿಗೆಯ ವಿಷಯ. ವಿಶ್ವವಿದ್ಯಾಲಯದವರು ಸಹಿ ಮಾಡಿಸಿದ ಫಾರಂ ಕೇಳುತ್ತಾರೆ. ಆದರೆ ಸಂಘದ ಸಾಲಕ್ಕೆ, ಫ್ಯಾಕ್ಟರಿಯ ಖಾಲಿ ಕಾಗದಕ್ಕೆ ಸಹಿ ಹಾಕಿ ಸಾಕಾಗಿರುವ ಹೆಣ್ಣುಮಕ್ಕಳಿಗೆ ಸಹಿ ಅಂದರೆ ಭಯ. ಸಾಧ್ಯವಾದರೆ ಬಾಯಿಮಾತಿನ ಒಪ್ಪಿಗೆಯನ್ನು ರೆಕಾರ್ಡ್ ಮಾಡಲು ನೈತಿಕ ಸಮಿತಿಯಿಂದ ಮೊದಲೇ ಅನುಮತಿ ಪಡೆಯಿರಿ. ಯಾಕೆ ಕೇಳುತ್ತಿದ್ದೀರಿ, ಇದರಿಂದ ಅವರಿಗೆ ಏನೂ ಸಿಗಲ್ಲ, ಮಧ್ಯದಲ್ಲಿ ಬೇಡ ಅನ್ನಬಹುದು, ಇಷ್ಟನ್ನು ನಿಮ್ಮ ಬಾಯಲ್ಲೇ ಹೇಳಿ. ಹೆಸರು ಬದಲಾಯಿಸಿದರೆ ಸಾಕು ಅಂದುಕೊಳ್ಳಬೇಡಿ. "ಮದ್ದೂರಿನ ಒಂದು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಆಗಿರುವ, ಗಂಡ ಬಿಟ್ಟ, ಇಬ್ಬರು ಮಕ್ಕಳ ಮುಸ್ಲಿಂ ಹೆಂಗಸು" ಅಂದರೆ ಅಲ್ಲಿನವರಿಗೆ ಹೆಸರೇ ಬೇಕಾಗಿಲ್ಲ. ಎರಡು ವಿವರ ಅಳಿಸಿ, ಅಥವಾ ಊರು ಬದಲಾಯಿಸಿ. ಗುಟ್ಟಾಗಿ ಚೀಟಿ ಕಟ್ಟುವ ಕಥೆ ಗಂಡನ ಕಿವಿಗೆ ಬಿದ್ದರೆ ಅದರ ಬೆಲೆ ಕಟ್ಟುವವರು ನೀವಲ್ಲ.

ಸಮಯದ ಲೆಕ್ಕ ಒಂದಿಷ್ಟು. ಒಂದು ಗಂಟೆಯ ರೆಕಾರ್ಡಿಂಗ್ ಬರೆಯಲು ನಾಲ್ಕರಿಂದ ಆರು ಗಂಟೆ ಬೇಕು, ಹಿಂದೆ ಮಿಕ್ಸಿ ಸದ್ದು, ಟಿವಿ ಸೀರಿಯಲ್ ಇದ್ದರೆ ಇನ್ನೂ ಜಾಸ್ತಿ. ಮೊಬೈಲ್ ಆ್ಯಪ್‌ಗಳು ಕನ್ನಡ ಬರೆದುಕೊಡುತ್ತವೆ, ಆದರೆ ಮಂಡ್ಯದ ಮಾತಿಗೆ, ರಾಯಚೂರಿನ ಮಾತಿಗೆ ಎಡವುತ್ತವೆ, ಕೂತು ತಿದ್ದಲೇಬೇಕು. ಬರೆಯುವಾಗ ಅವರ ಮಾತನ್ನು ಪಠ್ಯಪುಸ್ತಕದ ಕನ್ನಡ ಮಾಡಬೇಡಿ. ಹೀಗೆ 30 ಮಾತುಕತೆ ಅಂದರೆ, ಓಡಾಟ, ಬರಹ, ಮಧ್ಯೆ ಮಧ್ಯೆ ನಿಲ್ಲಿಸಿ ಓದುವುದು ಎಲ್ಲ ಸೇರಿ ಎಂಟು ಹತ್ತು ತಿಂಗಳ ಕೆಲಸ. ಗೈಡ್‌ಗೆ ಇದನ್ನು ಈಗಲೇ ಹೇಳಿ.

ಪ್ರತಿಗಳನ್ನು ಬೇರೆ ಬೇರೆ ಕಡೆ ಇಡಿ. ಶ್ರೀನಿವಾಸ್ ರಾಂಪುರದ ಟಿಪ್ಪಣಿಗಳನ್ನು 18 ವರ್ಷ ಕೂತು ಜೋಡಿಸಿದ್ದರು, ಮೂರು ಪ್ರತಿ ಇತ್ತು, ಮೂರೂ ಸ್ಟ್ಯಾನ್‌ಫರ್ಡ್‌ನಲ್ಲಿ ಅವರ ಕೋಣೆಯಲ್ಲೇ ಇದ್ದವು. 1970ರ ಏಪ್ರಿಲ್‌ನಲ್ಲಿ ಯಾರೋ ಆ ಕಟ್ಟಡಕ್ಕೆ ಬೆಂಕಿ ಹಚ್ಚಿದರು. ಕೊನೆಗೆ ಬಹುಪಾಲು ನೆನಪಿನ ಮೇಲೆಯೇ ಪುಸ್ತಕ ಬರೆದರು, 1976ರಲ್ಲಿ ಅದು ಬಂತು. ಎಲ್ಲರಿಗೂ ಅಂಥ ನೆನಪು ಇರಲ್ಲ. ಆಡಿಯೋ ಒಂದು ಹಾರ್ಡ್ ಡಿಸ್ಕ್‌ನಲ್ಲಿ, ಅದರ ಪ್ರತಿ ಪಾಸ್‌ವರ್ಡ್ ಹಾಕಿದ ಇನ್ನೊಂದು ಕಡೆ ಇರಲಿ. ನಿಜವಾದ ಹೆಸರು, ಫೋನ್ ನಂಬರ್ ಇರುವ ಪಟ್ಟಿ ಈ ಎರಡರ ಜೊತೆಗೂ ಬೇಡ, ಅದು ಪ್ರತ್ಯೇಕ. ವಾಟ್ಸಾಪಲ್ಲಿ ರೆಕಾರ್ಡಿಂಗ್ ಕಳಿಸಿ ಟೈಪ್ ಮಾಡಿಸುವ ಅಭ್ಯಾಸ ನಮ್ಮಲ್ಲಿ ಜಾಸ್ತಿ ಇದೆ, ಅದನ್ನು ಮಾತ್ರ ದಯವಿಟ್ಟು ಮಾಡಬೇಡಿ.

ಈಗ ಮಾಡಬೇಕಾದದ್ದು ಇಷ್ಟು. ಎರಡು ಬೇರೆ ಬಾಗಿಲಿಂದ ಇಬ್ಬರನ್ನು ಹುಡುಕಿ, ಮಾತಾಡಿಸಿ, ಬರೆದು, ಪ್ರಶ್ನೆ ಪಟ್ಟಿ ತಿದ್ದಿ. ಆಮೇಲೆ ವಿಧಾನದ ಅಧ್ಯಾಯಕ್ಕೆ ಮೊದಲ ಪ್ಯಾರಾ ಹೀಗೆ ಬರೆಯಿರಿ: "ಈ ಅಧ್ಯಯನ ಪ್ರಮಾಣವನ್ನು ಅಳೆಯುವುದಿಲ್ಲ. ವಾಸದ ಜಾಗ, ಗಂಡನ ಆದಾಯ ಮತ್ತು ಸಾಲ ಈ ಮೂರು ಅಂಶಗಳ ಆಧಾರದ ಮೇಲೆ ಭಿನ್ನ ಅನುಭವದ ಸುಮಾರು 30 ಜನರನ್ನು ನಾಲ್ಕು ಬೇರೆ ಮೂಲಗಳಿಂದ ಆರಿಸಲಾಗಿದೆ. ಕೆಲಸ ಬಿಟ್ಟವರೂ ಇದರಲ್ಲಿದ್ದಾರೆ. ವಲಸೆ ಹಾಸ್ಟೆಲ್ ಕಾರ್ಮಿಕರು ಇಲ್ಲ." ಇದನ್ನು ಮುಂದಿನ ಸಭೆಗೆ ತೆಗೆದುಕೊಂಡು ಹೋಗಿ. ಗೆರೆಗಳು ಸರಿಯಿಲ್ಲ ಅಂತ ಯಾರಾದರೂ ಹೇಳಿದರೆ ಕಿವಿಗೊಟ್ಟು ಕೇಳಿ, ಆ ಚರ್ಚೆಯಿಂದ ನಿಮಗೆ ಲಾಭವಿದೆ.